ನಮ್ಮ ಊದಕ್ಕ ಹಠಾತ್ತನೆ ಹೋದದ್ದಲ್ಲ

ಎಲ್ಲರಿಗೂ ನಮಸ್ಕಾರ. ಮುಖ್ಯಸ್ಥರಿಗೆ, ವೈದ್ಯರಿಗೆ, ಸಿಸ್ಟರ್‌ಗಳಿಗೆ, ಮಧ್ಯಾಹ್ನವೇ ಹೊರರೋಗಿ ವಿಭಾಗ ಮುಚ್ಚಿ ಬಂದಿರುವ ನನ್ನೆಲ್ಲ ಸಹೋದ್ಯೋಗಿಗಳಿಗೆ — ಮತ್ತು ಮೊದಲ ಸಾಲಿನಲ್ಲಿ ಕುಳಿತಿರುವ ಮೂವರಿಗೆ, ನಮ್ಮ ಊದಕ್ಕನ ಯಜಮಾನರಿಗೆ, ಅವಳ ಅಕ್ಕನಿಗೆ, ಅವಳ ಮಗಳಿಗೆ — ನನ್ನ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ದಯವಿಟ್ಟು ಒಳಗೆ ಬನ್ನಿ. ಮುಂದೆ ಕುರ್ಚಿಗಳಿವೆ. ಇವತ್ತು ಟೋಕನ್ ಬೇಕಿಲ್ಲ.

ನನ್ನ ಪರಿಚಯ ಇಲ್ಲದವರಿಗೆ ಹೇಳುತ್ತೇನೆ. ನಾನು ಈ ಎದೆರೋಗ ಆಸ್ಪತ್ರೆಯ ಔಷಧಿ ಕೌಂಟರಿನವನು. ಇಪ್ಪತ್ತೆರಡು ವರ್ಷದಿಂದ ಆ ಕಿಟಕಿಯ ಹಿಂದೆ ಕೂತಿದ್ದೇನೆ. 'ಚೀಟಿ ಕೊಡಿ' ಅನ್ನುವುದು ಬಿಟ್ಟರೆ ಇವರಿಗೆ ಬೇರೆ ಮಾತೇ ಬರುವುದಿಲ್ಲ ಅಂತ ನನಗೆ 'ಚೀಟಿ ಅಣ್ಣ' ಅಂತ ಹೆಸರಿಟ್ಟವಳು ಅವಳೇ. ವೇದಿಕೆಯ ಮೇಲೆ ಅವರು, ಇವರು ಅನ್ನಬೇಕು, ಗೊತ್ತು. ನನ್ನ ಬಾಯಲ್ಲಿ ಬರುವುದಿಲ್ಲ. ನನಗೆ ಅವಳು ತಂಗಿ. ಹಾಗೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಆಡಳಿತ ಕಚೇರಿಯವರು ಒಂದು ಹಾಳೆಯನ್ನೂ ಕೊಟ್ಟು, ಇದನ್ನೇ ಓದಿ ಅಂದಿದ್ದಾರೆ. ಮೊದಲ ಸಾಲು ಹೀಗಿದೆ — 'ನಮ್ಮ ಹಿರಿಯ ತಂತ್ರಜ್ಞೆ ಮೂರು ವಾರಗಳ ಹಿಂದೆ ಹಠಾತ್ತನೆ ನಮ್ಮನ್ನಗಲಿದರು.' — ಇಲ್ಲಿಗೆ ನಿಲ್ಲಿಸುತ್ತೇನೆ. ಈ ಹಾಳೆ ಮಡಚಿ ಪಕ್ಕಕ್ಕಿಡುತ್ತೇನೆ. ಇನ್ನು ಮುಂದಿನದು ನನ್ನ ಮಾತು. ತಪ್ಪಿದ್ದರೆ ನನ್ನ ತಪ್ಪು.

ಆರನೇ ಕೊಠಡಿ ನಿಮಗೆಲ್ಲ ಗೊತ್ತು. ಊದುವ ಪರೀಕ್ಷೆಯ ಕೊಠಡಿ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಈ ಕಡೆ ರೋಗಿ, ಆ ಕಡೆ ಅವಳು. 'ಊದಿ, ಊದಿ, ಊದಿ, ಬಿಡಬೇಡಿ — ಇನ್ನೂ ಇದೆ, ಹೊಟ್ಟೆಯ ತಳದಲ್ಲಿದೆ, ನಂಗೆ ಕಾಣಿಸ್ತಾ ಇದೆ — ಹಾಂ, ಅದನ್ನೂ ಊದಿ.' ಆ ದನಿ ನನ್ನ ಕಿಟಕಿಯವರೆಗೆ ಕೇಳುತ್ತಿತ್ತು. ಅದಕ್ಕೇ ರೋಗಿಗಳೆಲ್ಲ ಊದಕ್ಕ, ಊದಕ್ಕ ಅನ್ನುತ್ತಿದ್ದರು. ಒಮ್ಮೆ ಒಬ್ಬ ಲಾರಿ ಡ್ರೈವರ್, ಇಷ್ಟೆತ್ತರದ ಆಳು, ಊದಲಾರೆ ಅಂತ ಮುಖ ಸಣ್ಣ ಮಾಡಿ ಕೂತ. 'ಹಾರ್ನ್ ಹೊಡೆದು ಊರೋರನ್ನೆಲ್ಲ ಎಬ್ಬಿಸ್ತೀರಲ್ಲ, ಇದೊಂದು ಕೊಳವೆಗೆ ಹೆದರ್ತೀರಾ' ಅಂದಳು. ಅವನು ನಕ್ಕ. ನಕ್ಕವನ ಬಾಯಿಗೆ ಹಾಗೇ ಕೊಳವೆ ಇಟ್ಟಳು.

ಮೋಸ ಮಾಡಿದವರನ್ನು ಮಾತ್ರ ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಪರೀಕ್ಷೆಗೆ ಮುಂಚೆ ನೀಲಿ ಪಂಪ್, ಅಂದರೆ ಉಬ್ಬಸದ ಇನ್ಹೇಲರ್, ತೆಗೆದುಕೊಳ್ಳಬಾರದು ಅಂತ ಬಾಗಿಲ ಮೇಲೇ ಬರೆದಿದೆ. ಆದರೂ ಕೆಲವರು ಬಸ್ ಸ್ಟಾಪಿನಲ್ಲಿ ಎರಡು ಸಲ ಹೊಡೆದುಕೊಂಡೇ ಬರುತ್ತಾರೆ. ಗ್ರಾಫ್ ನೋಡಿದ ತಕ್ಷಣ ಅವಳಿಗೆ ಗೊತ್ತಾಗುತ್ತಿತ್ತು. 'ಈ ಯಂತ್ರದ ಮುಂದೆ ಮೇಕಪ್ ಮಾಡ್ಕೊಂಡು ಬರಬೇಡಿ. ನಾಳೆ ಬನ್ನಿ, ಇದ್ದ ಹಾಗೇ ಬನ್ನಿ' ಅಂತ ಹಿಂದಕ್ಕೆ ಕಳಿಸುತ್ತಿದ್ದಳು.

ಮನೆಯವರಿಗೆ ಅರ್ಥವಾಗಲಿ ಅಂತ ಒಂದು ಮಾತು. ಉಬ್ಬಸದವರಿಗೆ ಎರಡು ಬಗೆಯ ಪಂಪ್ ಕೊಡುತ್ತೇವೆ. ನೀಲಿಯದು ಉಸಿರು ಕಟ್ಟಿದಾಗ ದಾರಿ ಬಿಡಿಸುತ್ತದೆ. ಐದು ನಿಮಿಷಕ್ಕೆ ಆರಾಮ. ಕಂದು ಬಣ್ಣದ್ದು ಒಳಗಿನ ಬಾವು ಇಳಿಸುತ್ತದೆ. ಅದನ್ನು ದಿನಾ ತೆಗೆದುಕೊಳ್ಳಬೇಕು, ತೆಗೆದುಕೊಂಡಾಗ ಏನೂ ಅನ್ನಿಸುವುದಿಲ್ಲ. ಏನೂ ಅನ್ನಿಸದ್ದನ್ನು ಯಾರು ತೆಗೆದುಕೊಳ್ಳುತ್ತಾರೆ ಹೇಳಿ. ಹಾಗಾಗಿ ಜನ ನೀಲಿಯನ್ನು ಜೇಬಿನಲ್ಲಿಟ್ಟು, ಕಂದನ್ನು ಮೂಲೆಗಿಡುತ್ತಾರೆ. ಬಾವು ಒಳಗೇ ಬೆಳೆಯುತ್ತಿರುತ್ತದೆ. ಒಂದು ದಿನ ನೀಲಿ ಕೈ ಕೊಡುತ್ತದೆ.

ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ಆರು ವರ್ಷದ ಹಿಂದೆ ನಮ್ಮ ಮುಖ್ಯಸ್ಥರು ಒಂದು ಒಳ್ಳೆಯ ಕೆಲಸ ಶುರು ಮಾಡಿದರು. ಒಳ್ಳೆಯದು ಅಂತ ಮನಸಾರೆ ಹೇಳುತ್ತಿದ್ದೇನೆ ಸರ್. ನಮ್ಮ ಆಸ್ಪತ್ರೆಯ ಕಾರ್ಡ್ ಇದ್ದು ಅಸ್ತಮಾದಿಂದ ಸತ್ತ ಪ್ರತಿಯೊಬ್ಬರ ಮನೆಗೂ ಹೋಗಿ ಕೇಳಬೇಕು — ಯಾರಿವರು, ಹೇಗಿದ್ದರು, ಏನು ತೆಗೆದುಕೊಳ್ಳುತ್ತಿದ್ದರು, ಎಲ್ಲಿ ತಪ್ಪಿತು. ಅದಕ್ಕೊಂದು ನಮೂನೆ ಇದೆ, ಇಪ್ಪತ್ತಾರು ಪ್ರಶ್ನೆ. ಕೇಳುವವಳು ಅವಳು. ಮನೆಯಲ್ಲಿ ಉಳಿದ ಔಷಧಿ ನೋಡಿ ಬರೆದುಕೊಳ್ಳುವವನು ನಾನು. ಒಟ್ಟು ಅರವತ್ಮೂರು ಮನೆ ಹತ್ತಿ ಇಳಿದಿದ್ದೇವೆ.

ಸತ್ತವರೆಲ್ಲ ತೀರಾ ಕಾಯಿಲೆಯವರು ಅಂದುಕೊಂಡು ಹೊರಟಿದ್ದೆವು. ಹಾಗಿರಲಿಲ್ಲ. 'ಅವನಿಗೆ ಸ್ವಲ್ಪ ಉಬ್ಬಸ ಅಷ್ಟೇ' ಅಂತ ಎಷ್ಟು ಮನೆಯಲ್ಲಿ ಕೇಳಿದ್ದೇವೆ. ಒಬ್ಬ ಟೈಲರ್ — ಅವನ ಮಷೀನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ನಡುವೆ ಹತ್ತೊಂಬತ್ತು ಖಾಲಿ ನೀಲಿ ಪಂಪ್. ಕಂದು ಒಂದೇ ಒಂದು, ಅದರ ಮೇಲೆ ಬೆರಳು ಇಟ್ಟರೆ ಗುರುತು ಬೀಳುವಷ್ಟು ದೂಳು. ಡ್ರಾಯಿಂಗ್ ಟೀಚರೊಬ್ಬರು ನಾಲ್ಕು ವರ್ಷದ ಹಿಂದೆ ವೆಂಟಿಲೇಟರ್ ತನಕ ಹೋಗಿ ಬದುಕಿ ಬಂದಿದ್ದರು. ಗಂಡಾಂತರ ಕಳೆಯಿತು ಅಂತ ಮನೆಯವರು ಆಮೇಲೆ ಆ ಮಾತೇ ಎತ್ತಲಿಲ್ಲ. ಒಮ್ಮೆ ಅಲ್ಲಿಗೆ ಹೋಗಿ ಬಂದವರ ಮೇಲೆ ಎರಡು ಕಣ್ಣಿಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೊಬೈಲ್ ರಿಪೇರಿಯ ಒಬ್ಬ ಯುವಕ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ, ಎರಡು ವರ್ಷದಿಂದ ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ಮತ್ತೆ ಆ ಫುಟ್‌ಬಾಲ್ ಕೋಚ್. ಅವನಿಗೆ ತನ್ನ ಉಸಿರು ಕಟ್ಟುವುದೇ ತಿಳಿಯುತ್ತಿರಲಿಲ್ಲ. ಕೆಲವರ ದೇಹ ಹಾಗಿರುತ್ತದೆ, ಅರ್ಧ ಉಸಿರಿಗೇ ಒಗ್ಗಿಕೊಂಡುಬಿಡುತ್ತದೆ. ಸಾಯುವ ದಿನವೂ ಮೈದಾನದಲ್ಲಿ ಸೀಟಿ ಊದಿದ್ದ.

ಆ ಕೋಚ್ ಮನೆಯ ಮೆಟ್ಟಿಲು ಇಳಿಯುವಾಗ ಅವಳು ನನಗೆ ಹೇಳಿದ ಮಾತು ಇದು. 'ಅಣ್ಣಾ, ಎಲ್ರೂ ಹಠಾತ್ತಾಗಿ ಹೋದ್ರು ಅಂತಾರೆ. ನೀವು ಡ್ರಾಯರ್ ಎಳೆದು ನೋಡಿದ್ರೆ ಒಂದು ವರ್ಷದ್ದು ಒಳಗೆ ಇರುತ್ತೆ.'

ಈಗ ಹೇಳಿ, ಅವಳ ಸಭೆಯಲ್ಲಿ ನಿಂತು ಆ ಪದವನ್ನು ನಾನು ಹೇಗೆ ಓದಲಿ.

ಕಳೆದ ಬುಧವಾರ ಮಗಳು ಕೌಂಟರಿಗೆ ಬಂದಳು. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಕಿಟಕಿಗೆ ಬಗ್ಗಿ ಕೇಳಿದಳು. 'ಅಂಕಲ್, ನೀವು ಎಲ್ರ ಮನೆಗೂ ಹೋಗ್ತೀರಂತಲ್ಲ. ನಮ್ಮನೆಗೆ ಯಾವಾಗ ಬರ್ತೀರಾ?' — ಅವಳಿಗೂ ಉಬ್ಬಸ ಇದ್ದದ್ದು ನಮಗೆ ಗೊತ್ತಿತ್ತು, ಹತೋಟಿಯಲ್ಲಿದೆ ಅಂದುಕೊಂಡಿದ್ದೆವು; ಅವಳು ಹೋದದ್ದೂ ಅದರಿಂದಲೇ. ನಮ್ಮವರ ಮನೆಗೂ ಆ ನಮೂನೆ ಹಿಡಿದು ಹೋಗಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅವತ್ತು ಸಂಜೆಯೇ ಹೋದೆ. ಅಡುಗೆಮನೆಯ ಮೇಜಿನ ಸುತ್ತ ನಾಲ್ಕು ಜನ ಕೂತೆವು. ಕೇಳುವವಳು ಇಲ್ಲ, ಹಾಗಾಗಿ ಕೇಳುವುದೂ ನಾನೇ, ಬರೆಯುವುದೂ ನಾನೇ. ಅವಳು ಹೇಗೆ ಕೇಳುತ್ತಿದ್ದಳೋ ಹಾಗೇ ಕೇಳಿದೆ — ಪೆನ್ನು ಕೆಳಗಿಟ್ಟು, ಮುಖ ನೋಡಿ, ಉತ್ತರ ಬರುವ ತನಕ ಕಾದು.

ಏಳನೇ ಪ್ರಶ್ನೆ: ಹಿಂದೆ ಯಾವಾಗಲಾದರೂ ವೆಂಟಿಲೇಟರ್ ಹಾಕಿದ್ದುಂಟೇ. ಇದನ್ನು ಕೇಳುವುದೇ ಬೇಡ ಅಂದುಕೊಂಡು 'ಇಲ್ಲ' ಅಂತ ಬರೆಯಲು ಹೊರಟಿದ್ದೆ. ಯಜಮಾನರು ತಲೆ ತಗ್ಗಿಸಿದರು. ಅಕ್ಕ ಅಂದರು, 'ಬರೀರಿ. ಎರಡು ವರ್ಷದ ಹಿಂದೆ. ನಮ್ಮೂರಿಗೆ ಬಂದಿದ್ದಾಗ. ಮೂರು ದಿನ.'

ಮೂರು ದಿನ — ಕೇಳಿಸಿಕೊಳ್ಳಿ — ಮೂರು ದಿನ ಅವಳ ಗಂಟಲಲ್ಲಿ ಕೊಳವೆ ಇತ್ತು. ನಮಗೆ ಯಾರಿಗೂ ಗೊತ್ತಿಲ್ಲ. ರಜೆ ಮುಗಿಸಿ ಬಂದಾಗ ದನಿ ಒಡೆದಿತ್ತು. 'ಏನಮ್ಮ ಇದು' ಅಂದೆ. 'ಅಕ್ಕನ ಮನೇಲಿ ಐಸ್‌ಕ್ರೀಮ್ ಜಾಸ್ತಿ ಆಯ್ತು ಅಣ್ಣ' ಅಂದಳು. ನಾನು, ಇಪ್ಪತ್ತೆರಡು ವರ್ಷ ಅನುಭವದ ದೊಡ್ಡ ಮನುಷ್ಯ, ಚೀಪುವ ಮಾತ್ರೆ ಕೊಟ್ಟೆ. ಕಿತ್ತಳೆ ರುಚಿಯದು.

ಆಮೇಲೆ ಬೀರು ತೆಗೆದರು. ಸೀರೆಗಳ ಹಿಂದೆ ಕಂದು ಪಂಪಿನ ಹನ್ನೊಂದು ಡಬ್ಬಿ. ಸೀಲೂ ಒಡೆದಿಲ್ಲ. ಅಷ್ಟನ್ನೂ ಅವಳಿಗೆ ಕೊಟ್ಟದ್ದು ಈ ಕೈ. ತಿಂಗಳಿಗೊಂದು, ಅವಳ ಹೆಸರಿನಲ್ಲಿ. ಪ್ರತಿ ತಿಂಗಳೂ ಕೇಳಿದ್ದೇನೆ, 'ತಪ್ಪದೆ ತಗೋತಾ ಇದೀಯಾ ತಾನೇ?' ಪ್ರತಿ ತಿಂಗಳೂ ಒಂದೇ ಉತ್ತರ, 'ಎರಡು ಹೊತ್ತೂ ಅಣ್ಣ, ಹಲ್ಲುಜ್ಜೋಕೆ ಮುಂಚೆ.' ಹಲ್ಲುಜ್ಜುವ ಮುಂಚೆ ತೆಗೆದುಕೊಳ್ಳಿ, ಆಗ ಮರೆಯಲ್ಲ ಅಂತ ರೋಗಿಗಳಿಗೆ ನಾನು ಹೇಳಿಕೊಡುವ ಮಾತು ಅದು. ನನ್ನ ಮಾತನ್ನೇ ನನ್ನ ಕೈಗಿಟ್ಟು ಕಳಿಸಿದಳು.

ನನಗೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅಂತೀರಿ. ಬಂತು, ಏನು ಮಾಡಲಿ. ಅರವತ್ಮೂರು ಮನೆಯಲ್ಲಿ ನನ್ನ ಪಕ್ಕ ಕೂತು, ಅರವತ್ಮೂರು ತಾಯಂದಿರ, ಗಂಡಂದಿರ, ಮಕ್ಕಳ ಅಳು ಕೇಳಿ, ಆಟೋದಲ್ಲಿ ನನ್ನ ಜೊತೆ ವಾಪಸು ಬಂದು — ಮನೆಗೆ ಹೋಗಿ ಆ ಡಬ್ಬಿಯನ್ನು ಸೀರೆಯ ಹಿಂದೆ ಇಟ್ಟವಳು. ನನ್ನ ಕಣ್ಣಿಗೆ ಮಣ್ಣೆರಚಿದಳು. ಅವಳನ್ನು ನಂಬಿದ್ದೆ, ತಂಗಿ ಅಂದಿದ್ದೆ, ಅವಳು ನನಗೆ ಮೋಸ ಮಾಡಿದಳು. ಇದನ್ನು ಬೇರೆ ಯಾವ ಸಭ್ಯ ಪದದಲ್ಲೂ ಹೇಳಲು ನನಗೆ ಬರುವುದಿಲ್ಲ.

ಮಾರನೆಯ ದಿನ ಆರನೇ ಕೊಠಡಿಗೆ ಹೋಗಿ ಸಿಬ್ಬಂದಿಯ ವಾರ್ಷಿಕ ಪರೀಕ್ಷೆಯ ಫೈಲು ತೆಗೆಸಿದೆ. ಅವಳ ಗ್ರಾಫ್ ನೋಡಿದೆ. ಚಿತ್ರ ಬರೆದ ಹಾಗಿದೆ. ಸಮಯ, ಬೆಳಿಗ್ಗೆ ಏಳೂವರೆ. ನಾವ್ಯಾರೂ ಬರುವ ಮುಂಚೆ ತಾನೇ ಬಂದು, ತಾನೇ ಕ್ಲಿಪ್ ಹಾಕಿಕೊಂಡು, ತಾನೇ ಊದಿದ್ದಾಳೆ. ನೀಲಿ ಪಂಪ್ ಹೊಡೆದುಕೊಂಡೇ ಊದಿದ್ದಾಳೆ — ಅವಳ ಕೈಕೆಳಗೆ ಕಲಿತ ಹುಡುಗಿ ಗ್ರಾಫ್ ನೋಡಿ ನನಗೆ ತೋರಿಸಿಕೊಟ್ಟಳು. ಬಸ್ ಸ್ಟಾಪಿನ ಆ ಮೇಕಪ್ಪನ್ನೇ ಇವಳೂ ಮಾಡಿಕೊಂಡಿದ್ದಳು.

ಯಾಕೆ ಅಂತ ಅಕ್ಕನನ್ನು ಕೇಳಿದೆ. 'ಆಫೀಸಿನವರಿಗೆ ಹೇಳಿದ್ರೆ ನನ್ನ ರೂಮು ಹೋಗುತ್ತೆ ಅಂದಳು. ನಮ್ಮಿಬ್ಬರ ಹತ್ರಾನೂ ಆಣೆ ಹಾಕಿಸ್ಕೊಂಡಳು' ಅಂದರು.

ರೂಮು ಹೋಗುತ್ತೆ. ನಿಜ. ಆ ಕೊಠಡಿಯಲ್ಲಿ ಕೊಳವೆ ತೊಳೆಯುವ ದ್ರಾವಣದ ಘಾಟು ಇರುತ್ತದೆ, ಉಬ್ಬಸ ಹತೋಟಿಯಲ್ಲಿ ಇಲ್ಲದವರನ್ನು ಅಲ್ಲಿ ಇಡಬಾರದು ಅಂತ ನಿಯಮ. ಕಳಿಸುವುದು ಫೈಲು ವಿಭಾಗಕ್ಕೆ. ನೆಲಮಾಳಿಗೆ, ಟ್ಯೂಬ್‌ಲೈಟು, ಮಾತಾಡಲು ಒಂದು ನರಪಿಳ್ಳೆ ಇಲ್ಲ. ಆದರೆ ನಿಯಮ ಒಂದೇ ಅಲ್ಲ. ಹೋದ ವರ್ಷ ಇದೇ ಸಭಾಂಗಣದಲ್ಲಿ ಟೀ ಕುಡಿಯುತ್ತಿದ್ದೆವು. ಅವಳಿಗೆ ಕೆಮ್ಮು ಬಂತು, ನಿಲ್ಲಲಿಲ್ಲ. 'ಊದಿಸೋಳಿಗೇ ಉಬ್ಬಸ ಅಂದ್ರೆ ರೋಗಿಗಳಿಗೆ ಏನು ಧೈರ್ಯ ಬರುತ್ತಮ್ಮ' ಅಂತ ಮುಖ್ಯಸ್ಥರು ತಮಾಷೆ ಮಾಡಿದರು. ಕ್ಷಮಿಸಿ ಸರ್, ತಾವು ತಮಾಷೆಗೇ ಅಂದಿರಿ. ನಾವೆಲ್ಲ ನಕ್ಕೆವು. ನಾನೂ ನಕ್ಕೆ, ಶರ್ಟಿನ ಮೇಲೆ ಟೀ ಚೆಲ್ಲಿಕೊಳ್ಳುವಷ್ಟು ನಕ್ಕೆ. ಅವಳೂ ನಕ್ಕಳು, ಆಮೇಲೆ ಕೈ ತೊಳೆದು ಬರ್ತೀನಿ ಅಂತ ಎದ್ದು ಹೋದಳು. ಅವತ್ತಿನಿಂದ ನಮ್ಮೆದುರು ಅವಳು ಕೆಮ್ಮಿದ್ದನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿಲ್ಲ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಐದು ನಿಮಿಷ ಯಾವಾಗಲೋ ಮುಗಿಯಿತು, ಗೊತ್ತಿದೆ. ಗಡಿಯಾರ ತೋರಿಸಬೇಡಿ.

ಆ ಬುಧವಾರ ಸಂಜೆ, ಬೀರು ನೋಡಿದ ಮೇಲೆ, ಮಗಳು ಮಂಚದ ಕೆಳಗಿನಿಂದ ಒಂದು ಹಳೆಯ ಸೂಟ್‌ಕೇಸ್ ಎಳೆದು ತಂದಳು. ಅದರೊಳಗೆ ಖಾಲಿ ನೀಲಿ ಪಂಪ್. ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ನಲವತ್ಮೂರು. ಎಲ್ಲ ಒಂದೇ ವರ್ಷದ್ದು. ತಿಂಗಳಿಗೊಂದು ಖಾಲಿಯಾದರೇ ನಾವು ನಮೂನೆಯಲ್ಲಿ ಕೆಂಪು ಗುರುತು ಹಾಕುತ್ತೇವೆ. ಆಸ್ಪತ್ರೆಯ ಬುಟ್ಟಿಗೆ ಹಾಕಿದರೆ ನಾವು ನೋಡುತ್ತೇವೆ, ಮನೆಯ ಬುಟ್ಟಿಗೆ ಹಾಕಿದರೆ ಮಗಳು ನೋಡುತ್ತಾಳೆ. ಹಾಗಾಗಿ ಕೂಡಿಟ್ಟಿದ್ದಳು.

ಒಂದೊಂದನ್ನೂ ತಿರುಗಿಸಿ ನೋಡಿದೆ. ಒಂದೂ ಹೊರಗಿನ ಅಂಗಡಿಯದಲ್ಲ. ಕೆಲವಕ್ಕೆ ತುರ್ತು ವಿಭಾಗದ ಚೀಟಿ ಅಂಟಿದೆ. ಕೆಲವು ವಾರ್ಡಿನವು. ಹೆಚ್ಚಿನವು ಕಂಪನಿಯವರು ವೈದ್ಯರಿಗೆ ಕೊಟ್ಟು ಹೋಗುವ ಸ್ಯಾಂಪಲ್, ನಿಮ್ಮ ನಿಮ್ಮ ಡ್ರಾಯರಿನಲ್ಲಿ ಬಿದ್ದಿರುತ್ತವಲ್ಲ, ಅವು. ಎಲ್ಲವೂ ನಮ್ಮ ಆಸ್ಪತ್ರೆಯವೇ.

ಎರಡು ದಿನ ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಕೇಳಿದೆ. ಏನಂದಿರಿ ನೀವು? 'ಒಂದೇ ಅಣ್ಣ, ಬಸ್ಸಲ್ಲಿ ಬಿಟ್ಟು ಬಂದೆ ಅಂದಳು.' 'ಒಂದೇ ಒಂದು, ಯಾರೋ ಬಡ ರೋಗಿಗೆ ಅಂದಳು.' 'ಒಂದೇ, ಮಗಳ ಫ್ರೆಂಡಿಗೆ ಬೇಕು ಅಂದಳು.' ಒಂದೇ, ಒಂದೇ, ಒಂದೇ. ನಿಮ್ಮೆಲ್ಲರ ಒಂದನ್ನು ಕೂಡಿಸಿದರೆ ಹದಿನಾಲ್ಕಾಗುತ್ತದೆ. ಮೇಜಿನ ಮೇಲೆ ನಲವತ್ಮೂರು ನಿಂತಿವೆ.

ನನ್ನದನ್ನೂ ಹೇಳಿಬಿಡುತ್ತೇನೆ. ಮನಸ್ಸಿನಲ್ಲಿ ನಾನೂ ಒಂದೇ ಅಂದುಕೊಂಡಿದ್ದೆ. ನೆನಪು ಮಾಡಿಕೊಂಡೆ — ಆರು. ಅಪ್ಪ ಅಮ್ಮ ಬಂದು ನಿಂತರೂ ಚೀಟಿ ಕೊಡಿ ಅನ್ನುವ ನಾನು, ಅವಳೊಬ್ಬಳಿಗೆ ಚೀಟಿ ಇಲ್ಲದೆ ಕಿಟಕಿಯ ಕೆಳಗಿನಿಂದ ದಾಟಿಸಿದೆ. ಪರವೂರಿನ ರೋಗಿ ಮೂರನೇ ನೀಲಿ ಪಂಪ್ ಕೇಳಿದರೆ ತಲೆ ತಿಂದು, ಡಾಕ್ಟರ ಹತ್ತಿರ ವಾಪಸು ಅಟ್ಟುತ್ತೇನೆ. ಅವಳನ್ನು ಕೇಳಲಿಲ್ಲ. ನಮ್ಮವಳು, ಅವಳಿಗೆ ಗೊತ್ತಿಲ್ಲವೇ, ನಾನು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಅಷ್ಟೇ. ಈ ಊರಿನಲ್ಲಿ ಯಾವ ಅಂಗಡಿಗೆ ಹೋಗಿದ್ದರೂ ಆರನೆಯದಕ್ಕೆ ಒಬ್ಬನಾದರೂ ಹುಬ್ಬೇರಿಸುತ್ತಿದ್ದ. ಅಸ್ತಮಾ ಏನೆಂದು ಚೆನ್ನಾಗಿ ಬಲ್ಲ ನಲವತ್ತು ಜನರ ನಡುವೆ ಅವಳು ಇದ್ದಳು, ಆ ನಲವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅವಳು ನಮಗೆ ಮೋಸ ಮಾಡಿದಳು ಅಂದೆನಲ್ಲ, ಆ ಮಾತು ವಾಪಸು ತೆಗೆದುಕೊಳ್ಳುವುದಿಲ್ಲ. ನಾವು ಅವಳಿಗೆ ಮಾಡಿದ್ದಕ್ಕೂ ಅದೇ ಹೆಸರು.

ಇನ್ನೊಂದು ಮಾತು, ಇದು ಮಗಳಿಗೆ. ಅವಳ ಕೊನೆಯ ದಿನ, ಆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮೇಲೆ ಬೆಡ್‌ಶೀಟ್ ಒಣಗಿಸಲು ಹೋದ ಅಮ್ಮ ಮೆಟ್ಟಿಲ ಮೇಲೆ ಕೂತಳು. ನೀನು ಆಂಬುಲೆನ್ಸ್ ಕರೀಲಾ ಅಂದೆ. 'ಐದು ನಿಮಿಷ ಇರೇ, ನಾನೇ ಅಲ್ವಾ ಆಸ್ಪತ್ರೆಯವಳು' ಅಂದಳು. ನೀನು ಮತ್ತೆ ಕೇಳಿದೆ, ಮತ್ತೆ ಐದು ನಿಮಿಷ. ಹನ್ನೆರಡು ಇಪ್ಪತ್ತಕ್ಕೆ ನೀನೇ ಕರೆದೆ. ಒಂದು ಗಂಟೆ ಐವತ್ತು ನಿಮಿಷ ಅಂತ ನಮೂನೆಯಲ್ಲಿ ಬರೆಯುವಾಗ ನೀನು ನನ್ನ ಪೆನ್ನನ್ನೇ ನೋಡುತ್ತಿದ್ದೆ. ಕೇಳಮ್ಮ. ಅಮ್ಮ ಹೇಳಿದ್ದನ್ನು ಮಗಳು ನಂಬಿದಳು. ಅದು ನಿನ್ನ ತಪ್ಪಲ್ಲ. ಅವಳು ಹೇಳಿದ್ದನ್ನು ನಂಬುವ ಹಕ್ಕು ನಿನಗಿತ್ತು. ನಮಗಿರಲಿಲ್ಲ.

ನಿನ್ನೆ ಆ ನಮೂನೆ ಹಿಡಿದು ಮುಖ್ಯಸ್ಥರ ಕೊಠಡಿಗೆ ಹೋದೆ. ಅರವತ್ನಾಲ್ಕನೆಯದು ಅಂತ ಮೇಲೆ ಬರೆದಿದ್ದೆ. 'ಬಿಡಿ ಮಾರಾಯ್ರೇ, ನಮ್ಮವಳದ್ದು ಯಾಕೆ, ಮನೆಯವರಿಗೆ ನೋವಾಗುತ್ತೆ' ಅಂದರು. ಸರ್, ಮನೆಯವರು ಮೂವರೂ ಸಹಿ ಹಾಕಿದ್ದಾರೆ. ನೋವು ನಮಗೆ ಆಗುತ್ತದೆ. ಯಾಕೆಂದರೆ ಅದರಲ್ಲಿ ಒಂದು ಪ್ರಶ್ನೆ ಇನ್ನೂ ಖಾಲಿ ಇದೆ — ಪಂಪ್ ಎಲ್ಲಿಂದ ಬರುತ್ತಿತ್ತು. ಅವತ್ತು ನಾನು ಚಪ್ಪಲಿ ಮೆಟ್ಟುವಾಗ ಮಗಳು ಬಾಗಿಲಲ್ಲಿ ಕೇಳಿದ್ದೂ ಅದನ್ನೇ. 'ಇಷ್ಟನ್ನೂ ಅಮ್ಮನಿಗೆ ಯಾರು ಕೊಟ್ರು ಅಂಕಲ್?' ಹೇಳ್ತೀನಮ್ಮ ಅಂದು ಬಂದೆ. ಅದಕ್ಕೇ ಇಲ್ಲಿ ನಿಂತಿದ್ದೇನೆ.

ಈಗ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು. ಆದರೆ ಎಲ್ಲರೂ ಒಟ್ಟಿಗೆ ಏಳಬೇಡಿ. ಒಟ್ಟಿಗೆ ಎದ್ದರೆ ಯಾರು ಯಾರೆಂದು ತಿಳಿಯುವುದಿಲ್ಲ. ಅವಳಿಗೆ ಒಂದಾದರೂ ನೀಲಿ ಪಂಪ್ ಕೊಟ್ಟವರು, ಮೊದಲು ನೀವು ಏಳಿ. ಯಾಕೆ ಕೊಟ್ಟಿರಿ ಅಂತ ಹೇಳಬೇಕಿಲ್ಲ. ಎಷ್ಟು ಅಂತಲೂ ಬೇಡ. ಸುಮ್ಮನೆ ಎದ್ದು ನಿಲ್ಲಿ.

ಮಗಳೇ, ಹಿಂದೆ ತಿರುಗಿ ನೋಡಮ್ಮ.

— ನಾನು ಕಾಯುತ್ತೇನೆ.

— ಹೂಂ, ಸಿಸ್ಟರ್. — ತುರ್ತು ವಿಭಾಗದವರು. — ಡಾಕ್ಟ್ರೇ. — ನೀವಿಬ್ಬರು. — ಅಳಬೇಡಿ, ನಿಂತರೆ ಸಾಕು. — ಆ ಸಾಲು ಪೂರ್ತಿ.

— ಸರ್. — ನೀವೂನಾ.

ಮಗಳೇ, ನೀನು ಏಳಬೇಡ. ನೀನು ಕೂತಿರು, ನಾವು ನಿಲ್ಲುತ್ತೇವೆ. ಇನ್ನು ಯಾರಾದರೂ ಉಳಿದಿದ್ದರೆ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ, ಮೌನ.